ರಾತ್ರಿ ನೆನೆಸಿಡುವ ಮ್ಯೂಸ್ಲಿ: ಯಾವುದನ್ನು ರಾತ್ರಿ ಹಾಕಬೇಕು, ಯಾವುದನ್ನು ಬೆಳಿಗ್ಗೆ?

“ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಕಹಿ.” “ರಾತ್ರಿ ಚೆನ್ನಾಗಿತ್ತು, ಬೆಳಗಾಗುವಷ್ಟರಲ್ಲಿ ಅಂಟಂಟು.” “ಬಾಳೆಹಣ್ಣು ಕಪ್ಪಾಗಿತ್ತು, ಮಕ್ಕಳು ಮುಟ್ಟಲೇ ಇಲ್ಲ.” ಮ್ಯೂಸ್ಲಿ ನೆನೆಸಿಡುವ ಬಗ್ಗೆ ದಾವಣಗೆರೆ, ಚಿತ್ರದುರ್ಗದ ಓದುಗರು ಮತ್ತೆ ಮತ್ತೆ ಕೇಳುವುದು ಇಂಥವನ್ನೇ. ಕಾರಣ ಹುಡುಕುತ್ತ ಹೋದರೆ ಬಹುಪಾಲು ಒಂದೇ ಕಡೆ ಬಂದು ನಿಲ್ಲುತ್ತದೆ: ಬೆಳಿಗ್ಗೆ ಹಾಕಬೇಕಾದ್ದನ್ನು ರಾತ್ರಿಯೇ ಹಾಕಿರುತ್ತಾರೆ. ಯಾವ ಕಂಪನಿಯ ಪೊಟ್ಟಣ ತಂದಿರಿ ಅನ್ನುವುದಕ್ಕಿಂತ ಯಾವುದು ಯಾವ ಹೊತ್ತಿಗೆ ಡಬ್ಬಿಗೆ ಬಿತ್ತು ಅನ್ನುವುದೇ ಇಲ್ಲಿ ಮುಖ್ಯ.

ಮ್ಯೂಸ್ಲಿ ಎಂದರೆ ಓಟ್ಸ್, ಕಾಳು-ಬೀಜ, ಒಣಹಣ್ಣು ಬೆರೆಸಿದ ಒಣ ಮಿಶ್ರಣ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ ಎಂಬ ವೈದ್ಯರು 1900ರ ಆಸುಪಾಸಿನಲ್ಲಿ ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಇದನ್ನು ಕೊಡತೊಡಗಿದರು. ಅವರ ಬಟ್ಟಲಿನಲ್ಲಿ ಹಣ್ಣೇ ಯಜಮಾನ. ಒಂದು ಚಮಚ ಓಟ್ಸ್ ಅನ್ನು ರಾತ್ರಿ ಬರೀ ನೀರಿನಲ್ಲಿ ನೆನೆಸಿ, ತಿನ್ನುವ ಹೊತ್ತಿಗೆ ದೊಡ್ಡ ಸೇಬನ್ನು ಸಿಪ್ಪೆಸಮೇತ ತುರಿದು, ನಿಂಬೆರಸ ಮತ್ತು ಬಾದಾಮಿಯಂಥ ಬೀಜದ ಪುಡಿ ಸೇರಿಸುತ್ತಿದ್ದರು. ನಾವು ಇಂದು ಓಟ್ಸ್ ಹೆಚ್ಚು ಮಾಡಿ ಹಣ್ಣನ್ನು ಅಲಂಕಾರಕ್ಕೆ ಇಳಿಸಿದ್ದೇವೆ. ಸಾಧ್ಯವಾದಷ್ಟು ಹಣ್ಣನ್ನು ಮತ್ತೆ ಮುಂದಕ್ಕೆ ತನ್ನಿ ಎಂಬುದು ನನ್ನ ಮೊದಲ ಕೋರಿಕೆ.

ಬೆಣ್ಣೆ ದೋಸೆಯ ಊರಿನವರಿಗೆ ಇದೇಕೆ ಎಂದು ಕೇಳುವವರಿದ್ದಾರೆ. ದೋಸೆಯನ್ನು ಬಿಡಿಸಲು ಬರೆದದ್ದಲ್ಲ ಇದು. ಬೆಳಿಗ್ಗೆ ಆರಕ್ಕೇ ಬಸ್ ಹಿಡಿಯುವವರು, ಆಸ್ಪತ್ರೆಯ ಮೊದಲ ಪಾಳಿಗೆ ಹೋಗುವವರು, ಹಾಸ್ಟೆಲ್‌ನಲ್ಲಿ ತಿಂಡಿ ತಪ್ಪಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ತರಗತಿಗೆ ಓಡುವವರು, ಒಲೆ ಹಚ್ಚಲು ಪುರುಸೊತ್ತಿಲ್ಲದ ಅಂಥವರಿಗಾಗಿ ಬರೆದದ್ದು.

ಒಬ್ಬರಿಗೆ ಒಂದು ವಾರಕ್ಕೆ ಬೇಕಾಗುವುದು

ರೋಲ್ಡ್ ಓಟ್ಸ್ 250 ಗ್ರಾಂ, ಶೇಂಗಾ 50 ಗ್ರಾಂ, ಕುಂಬಳಬೀಜ ಅಥವಾ ಸೂರ್ಯಕಾಂತಿ ಬೀಜ 25 ಗ್ರಾಂ, ಒಣದ್ರಾಕ್ಷಿ 25 ಗ್ರಾಂ. ಒಟ್ಟು 350 ಗ್ರಾಂ, ಅಂದರೆ ದಿನಕ್ಕೆ 50 ಗ್ರಾಂ. ಇದಲ್ಲದೆ ದಿನವೂ ಹಾಲು 100 ಮಿಲಿ, ಮೊಸರು ಮೂರು ದೊಡ್ಡ ಚಮಚ, ಒಂದು ಹಣ್ಣು. ಗಟ್ಟಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿ ಎರಡಿದ್ದರೆ ಒಂದು ತೊಳೆಯುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಮೊಸರು ಬೀಳುವುದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆ ಬೇಡ.

ಬಾದಾಮಿ, ವಾಲ್‌ನಟ್ ಹಾಕಲೇಬೇಕೆಂದಿಲ್ಲ. ಚಳ್ಳಕೆರೆ ಸೀಮೆಯ ಶೇಂಗಾ ಕೈಗೆಟುಕುವ ಬೆಲೆಯಲ್ಲಿ ಸಿಗುವಾಗ ದುಬಾರಿ ಬೀಜಗಳಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಪ್ರೋಟೀನ್ ಲೆಕ್ಕದಲ್ಲಿ ಶೇಂಗಾ ಯಾವುದಕ್ಕೂ ಕಡಿಮೆಯಿಲ್ಲ.

1. ಓಟ್ಸ್ ಆರಿಸಿ

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ರೋಲ್ಡ್ ಓಟ್ಸ್ ಎಂದರೆ ಹಬೆಯಲ್ಲಿ ಬೇಯಿಸಿ ಅವಲಕ್ಕಿಯ ಹಾಗೆ ಚಪ್ಪಟೆ ಮಾಡಿದ್ದು. ಹಬೆಯಲ್ಲಿ ಬೆಂದಿರುವುದರಿಂದಲೇ ಮತ್ತೆ ಬೇಯಿಸದೆ ನೆನೆಸಿ ತಿನ್ನಬಹುದು. ನಮಗೆ ಬೇಕಾದದ್ದು ಇದೇ. ಇನ್‌ಸ್ಟಂಟ್ ಓಟ್ಸ್ ಇನ್ನೂ ತೆಳು, ಇನ್ನೂ ಪುಡಿ. ರಾತ್ರಿಯಿಡೀ ನೆನೆದರೆ ಅಂಬಲಿಯಾಗುತ್ತದೆ. “ಅಂಟಂಟು” ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದು. ಸ್ಟೀಲ್ ಕಟ್ ಓಟ್ಸ್ ಎಂದರೆ ಕಾಳನ್ನು ನುಚ್ಚಿನಂತೆ ಕತ್ತರಿಸಿದ್ದು. ಎಂಟು ಗಂಟೆ ನೆನೆದರೂ ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಅದನ್ನು ಬೇಯಿಸಿಯೇ ತಿನ್ನಬೇಕು.

ಮಸಾಲೆ ಓಟ್ಸ್ ಪೊಟ್ಟಣಗಳನ್ನು ತಂದು ಹಾಲಿಗೆ ಹಾಕಿದವರೂ ಉಂಟು. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ “ಓಟ್ಸ್” ಎಂಬ ಒಂದೇ ಪದ ಇರಲಿ.

2. ಒಣ ಮಿಶ್ರಣ ಮಾಡಿಡಿ

ಇದು ಭಾನುವಾರದ ಅರ್ಧ ಗಂಟೆಯ ಕೆಲಸ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆಯಿಲ್ಲದೆ ಓಟ್ಸ್ ಅನ್ನು ನಾಲ್ಕೈದು ನಿಮಿಷ ಹುರಿಯಿರಿ. ಬಣ್ಣ ಬದಲಾಗುವುದು ಬೇಡ, ಘಮ ಬಂದರೆ ಸಾಕು. ಹುರಿದ ಓಟ್ಸ್ ನೆನೆದ ಮೇಲೂ ಸ್ವಲ್ಪ ಬಿಡಿಬಿಡಿಯಾಗಿ ಉಳಿಯುತ್ತದೆ. ಶೇಂಗಾವನ್ನು ಬೇರೆಯಾಗಿ ಹುರಿದು, ಸಿಪ್ಪೆ ಉಜ್ಜಿ ಹಾರಿಸಿ, ಕುಟ್ಟಾಣಿಯಲ್ಲಿ ಒಂದೇಟು ಹಾಕಿ ದಪ್ಪ ತರಿ ಮಾಡಿ. ಬೀಜಗಳನ್ನು ಕೊನೆಗೆ ಅರ್ಧ ನಿಮಿಷ ಬಿಸಿ ಮಾಡಿದರೆ ಸಾಕು.

ಎಲ್ಲವೂ ಪೂರ್ತಿ ಆರಿದ ಮೇಲೆಯೇ ಒಣದ್ರಾಕ್ಷಿ ಬೆರೆಸಿ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವರಿ, ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ. ಮುಗ್ಗಲು ಹಿಡಿದ ಶೇಂಗಾವನ್ನು ಎಷ್ಟೇ ಹುರಿದರೂ ಬಳಸಬೇಡಿ. ಅದರಲ್ಲಿ ಬೆಳೆಯುವ ಶಿಲೀಂಧ್ರದ ವಿಷ ಬಾಣಲೆಯ ಬಿಸಿಗೆ ಹೋಗುವಂಥದ್ದಲ್ಲ.

ಅಗಸೆ ಸೇರಿಸುವುದಾದರೆ ಪುಡಿ ಮಾಡಿಯೇ ಸೇರಿಸಬೇಕು. ಇಡೀ ಕಾಳಿನ ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಒಡೆಯದೆ ಹಾಗೇ ಹೊರಹೋಗುತ್ತದೆ. ಪುಡಿ ಬೇಗ ಕಮಟು ಹಿಡಿಯುವುದರಿಂದ ವಾರಕ್ಕಾಗುವಷ್ಟನ್ನೇ ಮಾಡಿ ಫ್ರಿಜ್‌ನಲ್ಲಿಡಿ.

3. ರಾತ್ರಿ ನೆನೆಸಿ

ಡಬ್ಬಿಗೆ 50 ಗ್ರಾಂ ಒಣ ಮಿಶ್ರಣ ಹಾಕಿ. ದಿನಾ ತೂಗುವುದು ಬೇಡ. ಮೊದಲ ದಿನ ತೂಗಿ, ನಿಮ್ಮ ಮನೆಯ ಯಾವ ಬಟ್ಟಲಿಗೆ ಎಲ್ಲಿವರೆಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕಾಯಿಸಿ ಆರಿಸಿದ ಹಾಲು 100 ಮಿಲಿ, ಮೂರು ದೊಡ್ಡ ಚಮಚ ಮೊಸರು, ಚಿಟಿಕೆ ಉಪ್ಪು ಸೇರಿಸಿ ತಳದಿಂದ ಕಲಕಿ. ಉಪ್ಪನ್ನು ಬಿಡಬೇಡಿ. ಅದಿಲ್ಲದಿದ್ದರೆ ಎಷ್ಟು ಸಿಹಿ ಹಾಕಿದರೂ ಸಪ್ಪೆ ಎನಿಸುತ್ತದೆ.

ದ್ರವದ ಅಳತೆಯ ಬಗ್ಗೆ ಒಂದು ಮಾತು. ರಾತ್ರಿ ಕಲಕಿದಾಗ ತೀರಾ ನೀರಾಯಿತಲ್ಲ ಎನಿಸಬೇಕು. ಬೆಳಗಾಗುವಷ್ಟರಲ್ಲಿ ಓಟ್ಸ್ ಕುಡಿದು ಹದಕ್ಕೆ ಬರುತ್ತದೆ. ರಾತ್ರಿಯೇ ಗಟ್ಟಿಯಾಗಿ ಕಂಡರೆ ಬೆಳಿಗ್ಗೆ ಚಮಚ ನಿಲ್ಲುವಷ್ಟಾಗುತ್ತದೆ. ಆಗ ಸ್ವಲ್ಪ ಹಾಲು ಬೆರೆಸಿ ಸಡಿಲಿಸಿಕೊಳ್ಳಿ. ಚಿಯಾ ಬೀಜ ಹಾಕುವವರು ಒಂದು ಸಣ್ಣ ಚಮಚಕ್ಕೆ ನಾಲ್ಕು ದೊಡ್ಡ ಚಮಚ ಹಾಲನ್ನು ಹೆಚ್ಚಿಗೆ ಹಾಕಬೇಕು. ಅದು ತನ್ನ ತೂಕದ ಹತ್ತು ಪಟ್ಟಿನವರೆಗೆ ನೀರು ಹೀರುತ್ತದೆ.

ಬಿಡಿ ಹಾಲು ತರಿಸುವವರು ಕಡ್ಡಾಯವಾಗಿ ಕಾಯಿಸಿ ಆರಿಸಿಯೇ ಬಳಸಿ. ಬಿಸಿ ಹಾಲಿಗೆ ಮೊಸರು ಬೆರೆಸಿದರೆ ಹೆಪ್ಪಾಗುತ್ತದೆ ಅಥವಾ ಒಡೆಯುತ್ತದೆ, ಮ್ಯೂಸ್ಲಿ ಆಗುವುದಿಲ್ಲ.

ಹಾಲು-ಹಣ್ಣು ವಿರುದ್ಧ ಆಹಾರ ಎಂದು ಪಾಲಿಸುವ ಮನೆಗಳಿವೆ. ಅವರು ಬಿರ್ಷರ್ ಅವರ ಕ್ರಮದಂತೆ ಬರೀ ನೀರಿನಲ್ಲೇ ನೆನೆಸಿ, ಬೆಳಿಗ್ಗೆ ಹಣ್ಣು, ನಿಂಬೆ, ಶೇಂಗಾ ಪುಡಿ ಹಾಕಿಕೊಳ್ಳಬಹುದು. ರುಚಿಗೆ ಏನೂ ಕೊರತೆಯಾಗದು.

4. ಫ್ರಿಜ್‌ನಲ್ಲಿಡಿ, ಕಟ್ಟೆಯ ಮೇಲೆ ಬೇಡ

ತಂಗಳನ್ನಕ್ಕೆ ಮಜ್ಜಿಗೆ ಹಾಕಿ ರಾತ್ರಿ ಹೊರಗೇ ಇಡುತ್ತೇವಲ್ಲ, ಇದನ್ನೇಕೆ ಇಡಬಾರದು ಎಂದು ಹಲವರು ಕೇಳುತ್ತಾರೆ. ಇಲ್ಲಿ ಹೆಚ್ಚಿನ ಪಾಲು ಹಾಲು, ಮೊಸರಲ್ಲ. ಹುಳಿ ಏರುವ ಮೊದಲೇ ಬೇರೆ ಸೂಕ್ಷ್ಮಾಣುಗಳು ಬೆಳೆಯಲು ಸಮಯ ಸಿಗುತ್ತದೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ವೇಗವಾಗಿ ಹೆಚ್ಚುತ್ತವೆ. ನೆನೆಸಿದ ಡಬ್ಬಿ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯೂ ಅಷ್ಟು ಸೆಕೆ ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಡಬ್ಬಿಯನ್ನು ಬಾಗಿಲಿನ ಅರೆಯಲ್ಲಿಡದೆ ಒಳಗೆ, ಹಿಂದುಗಡೆ ಇಡಿ. ರಾತ್ರಿ ಕರೆಂಟ್ ಹೋದರೆ ಬಾಗಿಲು ತೆಗೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಅದಕ್ಕೂ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲವೆಂದು ತಿಳಿದರೆ ಆ ಡಬ್ಬಿಯನ್ನು ಚೆಲ್ಲಿಬಿಡಿ. ಮೂಸಿ ನೋಡಿ ನಿರ್ಧರಿಸಬೇಡಿ, ಕೆಟ್ಟದ್ದೆಲ್ಲ ವಾಸನೆ ಕೊಡುವುದಿಲ್ಲ.

ಐದಾರು ಗಂಟೆ ನೆನೆದರೆ ಹದ ಸಾಕು. ಹಣ್ಣು ಹಾಕದ ಡಬ್ಬಿ ಎರಡು ದಿನ ಚೆನ್ನಾಗಿರುತ್ತದೆ. ಮೂರನೆಯ ದಿನ ಹುಳಿ ಎದ್ದು ಕಾಣುತ್ತದೆ. ಹಾಗಾಗಿ ಇಡೀ ವಾರದ್ದನ್ನು ಒಮ್ಮೆಗೇ ನೆನೆಸಿಡುವ ಕ್ರಮವನ್ನು ನಾನು ಹೇಳುವುದಿಲ್ಲ. ವಾರಕ್ಕೆ ಮಾಡಿಡಬೇಕಾದದ್ದು ಒಣ ಮಿಶ್ರಣ ಮಾತ್ರ.

5. ಹಣ್ಣು: ಹೆಚ್ಚಿನವರು ಎಡವುವುದು ಇಲ್ಲೇ

ಮೊದಲಿಗೆ ಕಹಿಯ ವಿಚಾರ. ಪಪ್ಪಾಯ, ಅನಾನಸ್, ಕಿವಿ ಈ ಮೂರರಲ್ಲೂ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಪಪ್ಪಾಯದ್ದು ಪಪೈನ್, ಅನಾನಸಿನದು ಬ್ರೊಮೆಲೈನ್, ಕಿವಿಯದು ಆಕ್ಟಿನಿಡಿನ್. ರಾತ್ರಿಯಿಡೀ ಹಾಲು, ಮೊಸರಿನ ಜತೆಗಿದ್ದರೆ ಅವು ಹಾಲಿನ ಪ್ರೋಟೀನನ್ನು ತುಂಡು ತುಂಡು ಮಾಡುತ್ತವೆ. ಆ ತುಂಡುಗಳೇ ಕಹಿ. ಹಾಲು ಕೆಟ್ಟಿತೆಂದು ಡೇರಿಯನ್ನು ದೂರುವ ಮೊದಲು ರಾತ್ರಿ ಯಾವ ಹಣ್ಣು ಹಾಕಿದ್ದಿರಿ ಎಂದು ನೆನಪಿಸಿಕೊಳ್ಳಿ. ಈ ಮೂರನ್ನು ತಿನ್ನುವ ಗಳಿಗೆಯಲ್ಲೇ ಹಾಕಿ. ಅನಾನಸನ್ನು ರಾತ್ರಿಯೇ ಹಾಕಬೇಕಿದ್ದರೆ ಹೋಳುಗಳನ್ನು ಕೆಲವು ನಿಮಿಷ ಕುದಿಸಿ ಆರಿಸಿ. ಬಿಸಿಗೆ ಕಿಣ್ವ ಸಾಯುತ್ತದೆ, ಕಹಿಯ ಭಯ ಇರುವುದಿಲ್ಲ.

ಬಾಳೆಹಣ್ಣು, ಸೇಬು, ಪೇರು ಕತ್ತರಿಸಿದರೆ ಗಾಳಿ ತಾಗಿ ಕಂದುತ್ತವೆ. ತಿಂದರೆ ಅಪಾಯವಿಲ್ಲ, ಕಣ್ಣಿಗೆ ಹಿತವಿಲ್ಲ ಅಷ್ಟೆ. ಸೇಬನ್ನು ತುರಿದು ತಕ್ಷಣ ನಿಂಬೆರಸ ಹಿಂಡಿ ಮೊಸರಿನಲ್ಲಿ ಮುಳುಗಿಸಿದರೆ ರಾತ್ರಿಯೇ ಹಾಕಬಹುದು. ನೆನೆದ ಸೇಬಿನ ತುರಿ ಓಟ್ಸ್‌ಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬಾಳೆಹಣ್ಣಿಗೆ ಎರಡು ದಾರಿಯಿದೆ. ಚೆನ್ನಾಗಿ ಕಳಿತ ಅರ್ಧ ಹಣ್ಣನ್ನು ಕಿವುಚಿ ರಾತ್ರಿಯೇ ಬೆರೆಸಿದರೆ ಸಕ್ಕರೆಯ ಕೆಲಸ ಅದೇ ಮಾಡುತ್ತದೆ. ಉಳಿದರ್ಧವನ್ನು ಬೆಳಿಗ್ಗೆ ಬಿಲ್ಲೆ ಮಾಡಿ ಮೇಲೆ ಹಾಕಿ. ಏಲಕ್ಕಿ ಬಾಳೆಯಾದರೆ ಒಂದು ಕಿವುಚಲು, ಒಂದು ಮೇಲಕ್ಕೆ.

ಕಲ್ಲಂಗಡಿ, ಕರಬೂಜ ಬೇಡವೇ ಬೇಡ ಎನ್ನುವುದಿಲ್ಲ, ಆದರೆ ರಾತ್ರಿ ಖಂಡಿತ ಬೇಡ. ನೀರು ಬಿಟ್ಟು ಡಬ್ಬಿ ಸಾರಾಗುತ್ತದೆ.

ನಮ್ಮ ಕಡೆಯ ಹಣ್ಣುಗಳಲ್ಲಿ ಈ ಬಟ್ಟಲಿಗೆ ಹೇಳಿ ಮಾಡಿಸಿದ್ದು ದಾಳಿಂಬೆ. ಹಿರಿಯೂರು, ಹೊಸದುರ್ಗದ ತೋಟಗಳಿಂದ ಬರುವ ಹಣ್ಣು ಮಾರ್ಕೆಟ್‌ಗೆ ಹತ್ತಿರ. ಕಾಳು ಬಿಡಿಸಿ ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ನಾಲ್ಕೈದು ದಿನ ಇರುತ್ತದೆ, ಕಂದುವುದಿಲ್ಲ, ನೀರು ಬಿಡುವುದಿಲ್ಲ, ಹಾಲನ್ನು ಒಡೆಸುವುದಿಲ್ಲ. ಮೆತ್ತಗೆ ನೆನೆದ ಓಟ್ಸ್ ನಡುವೆ ಪಟ್ಟನೆ ಒಡೆಯುವ ಕಾಳು ಸಿಗುವುದೇ ಒಂದು ಸುಖ. ಪೇರು ಗಟ್ಟಿಯಾದದ್ದನ್ನು ಆರಿಸಿ, ಸಣ್ಣಗೆ ಹೆಚ್ಚಿ, ಬೆಳಿಗ್ಗೆ ಹಾಕಿ. ವಿಟಮಿನ್ ಸಿ ಅದರಲ್ಲಿ ಕಿತ್ತಳೆಗಿಂತ ಹೆಚ್ಚು. ಚಿಕ್ಕು ಬಹಳ ಸಿಹಿ, ಹಾಗಾಗಿ ಬೆಲ್ಲ, ಜೇನು ಯಾವುದೂ ಬೇಡ. ಮಾವಿನ ಕಾಲದಲ್ಲಿ ಹೋಳುಗಳನ್ನು ರಾತ್ರಿ ಹಾಕಿದರೂ ಸರಿ, ಆದರೆ ಹುಳಿ ಮಾವಿಗೆ ಹಾಲು ಒಡೆದಂತೆ ಕಾಣುತ್ತದೆ. ಆಗ ಹಾಲು ಬಿಟ್ಟು ಪೂರ್ತಿ ಮೊಸರಿನಲ್ಲೇ ನೆನೆಸಿ.

ಸೀತಾಫಲಕ್ಕೆ ಒಂದು ಪ್ರತ್ಯೇಕ ಎಚ್ಚರಿಕೆ. ಮಳೆಗಾಲ ಮುಗಿಯುತ್ತ ಬಂದಂತೆ ದುರ್ಗದ ಗುಡ್ಡಗಳ ಕಡೆಯಿಂದ ಬುಟ್ಟಿಗಟ್ಟಲೆ ಇಳಿಯುತ್ತದೆ. ತಿರುಳು ಸೇರಿಸಿದರೆ ಮ್ಯೂಸ್ಲಿ ಪಾಯಸವೇ ಆಗುತ್ತದೆ. ಆದರೆ ಬೀಜ ವಿಷಕಾರಿ. ಒಂದೂ ಉಳಿಯದಂತೆ ಕೈಯಿಂದ ಬಿಡಿಸಿ, ಮಿಕ್ಸಿಗೆ ಹಾಕುವ ಗೋಜಿಗೆ ಹೋಗಬೇಡಿ. ಬಿಸಿ ತಾಗಿದರೆ ತಿರುಳು ಕಹಿಯಾಗುವುದರಿಂದ ತಣ್ಣನೆಯ ಬಟ್ಟಲಿಗೇ ಹಾಕಬೇಕು.

6. ಬೆಳಿಗ್ಗೆ

ಡಬ್ಬಿ ತೆಗೆದು ತಳದಿಂದ ಕಲಕಿ, ಹಣ್ಣು ಹಾಕಿ. ಹಣ್ಣು ಕಡಿಮೆಯೆಂದರೂ ಓಟ್ಸ್‌ನಷ್ಟೇ ಇರಲಿ. ಗರಿಗರಿ ಬೇಕೆನ್ನುವವರು ದಾವಣಗೆರೆಯ ಮಂಡಕ್ಕಿಯನ್ನೇ ಒಂದು ಹಿಡಿ ಬಿಸಿ ಬಾಣಲೆಯಲ್ಲಿ ಆಡಿಸಿ ಮೇಲೆ ಉದುರಿಸಿಕೊಳ್ಳಿ. ಅಂಗಡಿಯ ಕಾರ್ನ್‌ಫ್ಲೇಕ್ಸ್‌ಗಿಂತ ಅಗ್ಗ, ಸಕ್ಕರೆಯಿಲ್ಲ. ಮಂಡಕ್ಕಿಯಲ್ಲಿ ಉಪ್ಪಿದ್ದರೆ ರಾತ್ರಿಯ ಚಿಟಿಕೆ ಉಪ್ಪು ಬಿಡಿ. ತಿನ್ನುವ ಕ್ಷಣದಲ್ಲಿ ಹಾಕಬೇಕು, ಎರಡು ನಿಮಿಷ ತಡವಾದರೆ ಅದೂ ನೆನೆಯುತ್ತದೆ.

ತಣ್ಣಗಿರುವುದು ಬೇಡವೆನ್ನುವವರು, ಅದರಲ್ಲೂ ಚಳಿಗಾಲದಲ್ಲಿ, ಹಣ್ಣು ಹಾಕುವ ಮುಂಚೆ ಡಬ್ಬಿಯನ್ನು ಹತ್ತು ನಿಮಿಷ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಬಹುದು. ಗಾಜಿನದಾದರೆ ಬೆಚ್ಚಗಿನ ನೀರು ಮಾತ್ರ, ಕುದಿಯುವ ನೀರಿಗೆ ಸೀಳುತ್ತದೆ.

ಹೀಗೆ ಮಾಡಿದ ಒಂದು ಬಟ್ಟಲಿನಲ್ಲಿ ಸುಮಾರು 350 ಕ್ಯಾಲೊರಿ, 10ರಿಂದ 12 ಗ್ರಾಂ ಪ್ರೋಟೀನ್ ಸಿಗುತ್ತದೆ. ಓಟ್ಸ್‌ನಲ್ಲಿರುವ ಬೀಟಾ-ಗ್ಲೂಕನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಕೊಲೆಸ್ಟರಾಲ್ ಇಳಿಯಲು ನೆರವಾಗುತ್ತದೆ. ಈ ಬಟ್ಟಲಿನಲ್ಲಿ ಅದರ ಅರ್ಧಕ್ಕೆ ಹತ್ತಿರವಿದೆ. ಉಳಿದದ್ದಕ್ಕೆ ಬೇರೆ ಊಟವೂ ಸರಿಯಿರಬೇಕು.

ಫ್ರಿಜ್ ಇಲ್ಲದ ಹಾಸ್ಟೆಲ್, ರೂಮುಗಳಲ್ಲಿ

ರಾತ್ರಿ ನೆನೆಸುವುದನ್ನು ಕೈಬಿಡಿ. ಒಣ ಮಿಶ್ರಣ ಮಾತ್ರ ಇಟ್ಟುಕೊಳ್ಳಿ. ಬೆಳಿಗ್ಗೆ ಕುದಿಸಿದ ಬಿಸಿ ಹಾಲು ಅಥವಾ ಬಿಸಿನೀರು ಹಾಕಿ ಮುಚ್ಚಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಈ ಕ್ರಮದಲ್ಲಿ ಮೊಸರು ಬೇಡ. ಬೆಲ್ಲ ಹಾಕುವುದಿದ್ದರೆ ಹಾಲು ಬೆಚ್ಚಗಾದ ಮೇಲೆ ಹಾಕಿ, ಕುದಿಯುವ ಹಾಲಿಗೆ ಬಿದ್ದರೆ ಒಡೆಯುತ್ತದೆ.

ಸಿರಿಧಾನ್ಯದಲ್ಲಿ ಮಾಡಬಹುದೇ?

ಹೊಸದುರ್ಗದ ಕಡೆ ಸಾಮೆ, ನವಣೆ ಬೆಳೆಯುವವರಿಂದಲೇ ಈ ಪ್ರಶ್ನೆ ಬರುತ್ತದೆ. ಮಾಡಬಹುದು, ಆದರೆ ಸಾಮೆ ಅಕ್ಕಿ, ನವಣೆ ಅಕ್ಕಿಯನ್ನು ಹಸಿಯಾಗಿ ನೆನೆಸಿ ತಿನ್ನಬೇಡಿ. ಅದು ಬೆಂದಿಲ್ಲ, ಜೀರ್ಣವಾಗುವುದಿಲ್ಲ. ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿದ ಸಿರಿಧಾನ್ಯದ ಅವಲಕ್ಕಿ ಸಿಗುತ್ತದೆ, ಓಟ್ಸ್‌ನ ಅರ್ಧ ಪಾಲಿಗೆ ಅದನ್ನು ಹಾಕಿ. ಅಕ್ಕಿಯೇ ಇದ್ದರೆ ಉದುರುದುರಾಗಿ ಅನ್ನ ಮಾಡಿ, ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಂದ ಧಾನ್ಯ ಹೊರಗೆ ಬಹಳ ಹೊತ್ತು ಬೆಚ್ಚಗೆ ಉಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷದಿಂದ ವಾಂತಿಯಾಗುತ್ತದೆ.

ಮಾಮೂಲಿ ಅವಲಕ್ಕಿಯಲ್ಲೂ ಆಗುತ್ತದೆ. ಗಟ್ಟಿ ಅವಲಕ್ಕಿಯನ್ನು ತಿನ್ನುವ ಕಾಲು ಗಂಟೆ ಮೊದಲು ಹಾಕಿದರೆ ಸಾಕು, ರಾತ್ರಿ ಹಾಕಿದರೆ ಹಿಟ್ಟಾಗುತ್ತದೆ.

ಅಂಗಡಿಯ ಸಿದ್ಧ ಮ್ಯೂಸ್ಲಿ ತರುವವರಿಗೆ

ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಿರುತ್ತಾರೆ. ಸಕ್ಕರೆ, ಇನ್ವರ್ಟ್ ಸಿರಪ್, ಗ್ಲೂಕೋಸ್ ಸಿರಪ್, ಜೇನು, ಮಾಲ್ಟ್ ಇವೆಲ್ಲ ಸಿಹಿಯ ಬೇರೆ ಬೇರೆ ಹೆಸರುಗಳು. ಮೊದಲ ಮೂರು ಸ್ಥಾನದೊಳಗೆ ಇವುಗಳಲ್ಲಿ ಒಂದು ಕಂಡರೆ ಆ ಪೊಟ್ಟಣವನ್ನು ಅಲ್ಲೇ ಬಿಡಿ. “ಕ್ರಂಚಿ” ಎಂದು ಬರೆದದ್ದು ಬಹುಮಟ್ಟಿಗೆ ಎಣ್ಣೆ, ಸಿಹಿ ಹಾಕಿ ಬೇಯಿಸಿದ್ದು. ನೆನೆಸಿದರೆ ಗರಿಗರಿಯೂ ಉಳಿಯುವುದಿಲ್ಲ.

ಇವರು ಗಮನಿಸಿ

ಸಕ್ಕರೆ ಕಾಯಿಲೆ ಇರುವವರು ಒಣದ್ರಾಕ್ಷಿ, ಮಂಡಕ್ಕಿ, ಚಿಕ್ಕು, ಕಿವುಚಿದ ಬಾಳೆಹಣ್ಣು ಬಿಟ್ಟು ಪೇರು, ಸೇಬು, ಶೇಂಗಾ ಹೆಚ್ಚಿಸಿಕೊಳ್ಳಿ. ತಿಂದ ಎರಡು ಗಂಟೆಗೆ ಒಮ್ಮೆ ಸಕ್ಕರೆ ಪರೀಕ್ಷಿಸಿದರೆ ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆ ಎಂದು ತಿಳಿಯುತ್ತದೆ. ಮೂತ್ರಪಿಂಡದ ತೊಂದರೆಗೆ ಪಥ್ಯದಲ್ಲಿರುವವರು ಬಾಳೆ, ಬೀಜಗಳ ಬಗ್ಗೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಗೋಧಿಯ ಗ್ಲುಟನ್ ಆಗದವರು ಗ್ಲುಟನ್ ರಹಿತ ಎಂದು ಮುದ್ರಿಸಿದ ಓಟ್ಸ್ ಅನ್ನೇ ತರಬೇಕು, ಅದನ್ನೂ ವೈದ್ಯರು ಒಪ್ಪಿದರೆ ಮಾತ್ರ. ಮಾಮೂಲಿ ಓಟ್ಸ್‌ಗೆ ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರುತ್ತದೆ.

ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಶೇಂಗಾ ತರಿಯ ಬದಲು ನುಣ್ಣನೆಯ ಪುಡಿ ಹಾಕಿ, ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಥೈರಾಯ್ಡ್ ಮಾತ್ರೆ ನುಂಗುವವರು ಇದನ್ನು ಮರೆಯಬೇಡಿ: ಹಾಲಿನ ಕ್ಯಾಲ್ಸಿಯಂ ಮತ್ತು ಓಟ್ಸ್‌ನ ನಾರು ಎರಡೂ ಆ ಔಷಧವನ್ನು ಮೈ ಹೀರದಂತೆ ತಡೆಯುತ್ತವೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಡಬ್ಬಿ ತೆರೆಯಿರಿ. ಬೇಗ ಹೊರಡುವವರಾದರೆ ಡಬ್ಬಿಯನ್ನು ಜತೆಗೊಯ್ದು, ಎರಡು ಗಂಟೆಯೊಳಗೆ, ಬೇಸಿಗೆಯಲ್ಲಾದರೆ ಒಂದು ಗಂಟೆಯೊಳಗೆ ತಿಂದು ಮುಗಿಸಿ.